ಹಳೇ ತೋಟಾ ನೋಡಲು ಬೆಳಗಿನ ಬೆಳಕೇ ಬೇಕು

ಮದ್ದೂರಿನ ಹಳೇ ಪೇಟೆಯ ಆ ಗಲ್ಲಿಯಲ್ಲಿ ಹಾಲಿನ ಡೈರಿ ಬಿಟ್ಟರೆ ಇಷ್ಟು ಹೊತ್ತಿಗೆ ಬಾಗಿಲು ತೆರೆದಿರುವುದು ಇದೊಂದೇ ಅಂಗಡಿ. ಒಳಗೆ ಟ್ಯೂಬ್‌ಲೈಟ್ ಇದೆ, ಹಾಕಿಲ್ಲ. ಬಾಬು ಜಾನ್ ಹೊಸ್ತಿಲಿಗೆ ಅಡ್ಡಲಾಗಿ ಒಂದು ಸಣ್ಣ ಮೇಜನ್ನು ಎಳೆದುಕೊಂಡು, ಅದರ ಮೇಲೆ ಕಿಟಕಿ ಗಾಜಿನ ತುಂಡೊಂದನ್ನು ಇಟ್ಟುಕೊಂಡು, ಪೂರ್ವಕ್ಕೆ ಮುಖ ಮಾಡಿ ಕೂತಿದ್ದಾರೆ. ಎದುರು ಮನೆಯ ಮಹಡಿಯ ಪಕ್ಕದಿಂದ ಬಿಸಿಲು ಓರೆಯಾಗಿ ಇಳಿದು ಗಾಜಿನ ಮೇಲೆ ಬೀಳುತ್ತಿದೆ. ಆ ಬೆಳಕಿನಲ್ಲಿ ಅವರು ಹೆಬ್ಬೆರಳು ಗಾತ್ರದ ಕೆಂಪು ತೋಟಾ ಒಂದನ್ನು ಮಲಗಿಸಿ, ಒಂದೇ ಬೆರಳಿನಿಂದ ಮೆಲ್ಲಗೆ ತಳ್ಳುತ್ತಾರೆ. ಅದು ಉರುಳುತ್ತ ಹೋಗಿ, ನಡುವೆ ಒಮ್ಮೆ ಕುಂಟಿ, ನಿಲ್ಲುತ್ತದೆ.

“ನೋಡಿದ್ರಾ, ಕುಂಟ್ತು. ಹೊಟ್ಟೆ ಉಬ್ಬಿದೆ ಇದಕ್ಕೆ,” ಎನ್ನುತ್ತಾರೆ. ಅದನ್ನು ಎಡಗಡೆ ಇಟ್ಟು, ಕಣ್ಣುಜ್ಜಿಕೊಂಡು, ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ.

ತೋಟಾ ಅಂದರೆ ಕೋವಿಗೆ ಹಾಕುವ ಕಾಡತೂಸು. ಹೊರಗೆ ರಟ್ಟಿನದೋ ಪ್ಲಾಸ್ಟಿಕ್ಕಿನದೋ ಒಂದು ಕೊಳವೆ, ಹಿತ್ತಾಳೆಯ ತಳ, ತಳದ ನಡುವೆ ಕಡಲೆಕಾಳಿನಷ್ಟು ಒಂದು ಪುಟ್ಟ ಟೋಪಿ. ಒಳಗೆ ಮೊದಲು ಮದ್ದು, ಮದ್ದಿನ ಮೇಲೆ ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಬಿಲ್ಲೆ, ಬಿಲ್ಲೆಯ ಮೇಲೆ ಸೀಸದ ರವೆ. ಟೋಪಿಗೆ ಪೆಟ್ಟು ಬಿದ್ದಾಗ ಮದ್ದು ಉರಿಯುತ್ತದೆ. ಬಿಲ್ಲೆ ರವೆಯನ್ನು ಮುಂದಕ್ಕೆ ನೂಕುತ್ತದೆ. ಇದೆಲ್ಲ ಹೊಸದಾಗಿದ್ದಾಗಿನ ಮಾತು. ವರ್ಷಗಟ್ಟಲೆ ಅಟ್ಟದ ಮೇಲೋ ಪೆಟ್ಟಿಗೆಯಲ್ಲೋ ಬಿದ್ದಿದ್ದ ತೋಟಾವನ್ನು ಮತ್ತೆ ಕೋವಿಗೆ ಹಾಕಬಹುದೇ ಎಂದು ನೋಡಿ ಹೇಳುವುದು ಬಾಬು ಜಾನ್ ಅವರ ಕೆಲಸ. ಅಂಗಡಿಯ ಪರವಾನಗಿಯಲ್ಲಿ ಬರೆದಿರುವುದು ಕೋವಿ ದುರಸ್ತಿ ಎಂದು ಮಾತ್ರ. ಆದರೆ ದುರಸ್ತಿಗೆ ಬರುವವರಿಗಿಂತ ಹೀಗೆ ಕೇಳಲು ಬರುವವರೇ ಈಗ ಹೆಚ್ಚು.

ಇದನ್ನು ಓದಿ ಯಾರೂ ತಮ್ಮ ಮನೆಯ ತೋಟಾವನ್ನು ತಾವೇ ಪರೀಕ್ಷಿಸಲು ಹೋಗಬಾರದು ಎಂದು ಮೊದಲೇ ಹೇಳಿಬಿಡುತ್ತೇನೆ. ನಾನು ಬರೆಯುತ್ತಿರುವುದು ನಾಲ್ಕಾರು ಬೆಳಗ್ಗೆ ಅವರ ಪಕ್ಕ ಕೂತು ಕಂಡಿದ್ದು. ಅರ್ಥ ಮಾಡಿಕೊಂಡಿದ್ದರಲ್ಲಿ ತಪ್ಪಿದ್ದರೆ ಅದು ನನ್ನದು, ಅವರದಲ್ಲ.

ಬೆಳಗ್ಗೆಯೇ ಬಾಗಿಲು ತೆಗೆಯುವುದಕ್ಕೆ ಎರಡು ಕಾರಣ. ಒಂದು, ಬರುವವರೆಲ್ಲ ರಾತ್ರಿ ಹೊಲ ಕಾದವರು. ಮಳವಳ್ಳಿಯ ಹಲಗೂರು ಕಡೆಯಿಂದ, ಇತ್ತ ಬೆಸಗರಹಳ್ಳಿ ಸುತ್ತಿನಿಂದ, ದೂರದ ಬಸರಾಳಿನಿಂದಲೂ ಮೊದಲ ಬಸ್ಸಿಗೇ ಹತ್ತಿ ಬರುತ್ತಾರೆ. ಕಂಬಳಿಯ ಮೇಲೆ ಕಬ್ಬಿನ ಸೋಗೆಯ ಚೂರು ಇನ್ನೂ ಅಂಟಿರುತ್ತದೆ. ರಾತ್ರಿ ಹಂದಿ ಬಂದಿರುತ್ತದೆ, ಹೆದರಿಸಲು ಗಾಳಿಯಲ್ಲಿ ಒಂದು ಗುಂಡು ಹಾರಿಸಿರುತ್ತಾರೆ ಅಥವಾ ಹಾರಿಸಲು ಹೋಗಿ ಅದು ಹಾರಿರುವುದಿಲ್ಲ. ಎರಡನೆಯದು, ಬೆಳಕು. “ಟ್ಯೂಬ್‌ಲೈಟ್ನಲ್ಲಿ ಎಲ್ಲಾ ತೋಟಾನೂ ಮದುವೆ ಗಂಡಿನ ಥರ ಕಾಣ್ತವೆ,” ಎನ್ನುತ್ತಾರೆ ಬಾಬು ಜಾನ್. “ನೆತ್ತಿ ಮೇಲಿನ ಬಿಸಿಲೂ ಆಗಲ್ಲ. ಹಿಂಗೆ ಓರೆಯಾಗಿ ಬಿದ್ರೆ ಉಬ್ಬು, ಸೀಳು, ಹಿತ್ತಾಳೆ ಮೇಲಿನ ಕಿಲುಬು ಎಲ್ಲಾ ಎದ್ದು ಕಾಣ್ತದೆ. ಒಂದು ಗಂಟೆ ಸಿಗ್ತದೆ, ಅಷ್ಟೇ. ಆಮೇಲೆ ನನ್ನ ಕಣ್ಣು ನನ್ನ ಮಾತು ಕೇಳಲ್ಲ.”

ಅರವತ್ತು ದಾಟಿದೆ. ಬಲಗಿವಿಯಲ್ಲಿ ಸದಾ ಒಂದು ಸಿಳ್ಳೆ. ಹುಡುಗನಾಗಿದ್ದಾಗ ಅಪ್ಪನ ಪಕ್ಕ ನಿಂತು, ದುರಸ್ತಿಯಾದ ಕೋವಿಗಳ ಸದ್ದು ಕೇಳಿ ಕೇಳಿ ಬಂದದ್ದು. ಬೆನ್ನು ನೋವು. ಬಗ್ಗಿ ಕೂತರೆ ಏಳುವಾಗ ಮೇಜನ್ನು ಹಿಡಿದುಕೊಳ್ಳಬೇಕು. “ಕೆಲಸ ಭಾರ ಇಲ್ಲ ಸಾರ್. ಒಂದೊಂದು ತೋಟಾ ಎಷ್ಟು ತೂಕ ಬಂದೀತು? ಆದ್ರೂ ಹತ್ತು ನೋಡೋ ಹೊತ್ಗೆ ಮೂಟೆ ಹೊತ್ತಂಗಾಗ್ತದೆ. ಆಗ್ತದೆ ಅಂದ್ರೂ ಭಯ, ಆಗಲ್ಲ ಅಂದ್ರೂ ಬೈಗುಳ.”

ಬೈಗುಳ ಅಂದದ್ದು ಸುಳ್ಳಲ್ಲ. ಪರವಾನಗಿ ಇದ್ದವರಿಗೂ ವರ್ಷಕ್ಕೆ ಇಂತಿಷ್ಟೇ ತೋಟಾ ಕೊಳ್ಳಲು ಅವಕಾಶ. ಹಾಗಾಗಿ ಇದ್ದದ್ದನ್ನು ಉಳಿಸುತ್ತಾರೆ. ತಾತನ ಕೋವಿಯ ಜತೆ ತಾತನ ತೋಟಾವೂ ಪಾಲಿಗೆ ಬಂದಿರುತ್ತದೆ. ಅದನ್ನು ಬೆಚ್ಚಗಿರಲಿ ಎಂದು ಆಲೆಮನೆಯ ಅಟ್ಟದ ಮೇಲೆ ಇಟ್ಟವರಿದ್ದಾರೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಏಳುವ ಆವಿಯನ್ನೆಲ್ಲ ರಟ್ಟು ಕುಡಿದು ಊದಿಕೊಳ್ಳುತ್ತದೆ. “ಒಂದ್ಸಲ ಡಬ್ಬ ಬಿಚ್ಚಿದ್ರೆ ಒಳಗೆಲ್ಲಾ ಇರುವೆ,” ಎಂದು ನೆನಪಿಸಿಕೊಳ್ಳುತ್ತಾರೆ. “ಇರುವೆ ಓಡಿಸಿ, ಆಗಲ್ಲ ಅಂದೆ. ಆ ಯಜಮಾನ್ರು ಏನಂದ್ರು ಗೊತ್ತಾ? ಇರುವೆಗೆ ಆಗ್ತದೆ, ನಂಗ್ಯಾಕೆ ಆಗಲ್ಲ ಅಂದ್ರು.”

ಇನ್ನು ಕೆಲವರು ತೋಟಾವನ್ನು ರಾಗಿ ಒಣಗಿಸುವ ಹಾಗೆ ಬಿಸಿಲಿಗೆ ಹರವಿ ತರುತ್ತಾರೆ. ಅದನ್ನು ಕಂಡರೆ ಬಾಬು ಜಾನ್ ಅವರಿಗೆ ಆಗುವುದೇ ಇಲ್ಲ. ಹೊರಗಡೆ ಒಣಗಿದಂತೆ ಕಾಣುತ್ತದೆ, ಒಳಗೆ ಮದ್ದು ಏನಾಗಿದೆ ಎಂದು ಹೇಳಲು ಬರುವುದಿಲ್ಲ. ಅಂಥದ್ದು ಬಂದರೆ ಅವರು ಗಾಜಿನ ಮೇಲೆ ಉರುಳಿಸುವುದೂ ಇಲ್ಲ. ನೇರ ಎಡಗಡೆಗೆ. ಎಡಗಡೆಯದನ್ನೆಲ್ಲ ಪರವಾನಗಿದಾರರೇ ಠಾಣೆಗೆ ಒಪ್ಪಿಸಬೇಕು.

ಉರುಳಿಸುವುದು ಮೊದಲ ಪರೀಕ್ಷೆ. ನೆಟ್ಟಗೆ ಉರುಳಿದ್ದನ್ನು ತೋಟಾದ ಅಳತೆಗೇ ಮಾಡಿದ ಒಂದು ಹಿತ್ತಾಳೆ ಬಳೆಯೊಳಗೆ ಇಳಿಬಿಡುತ್ತಾರೆ. ತನ್ನ ಭಾರಕ್ಕೆ ತಾನೇ ಇಳಿದು, ತಾನೇ ಈಚೆ ಬರಬೇಕು. ಆಮೇಲೆ ತೋಟಾದ ಬಾಯಿಯ ಮಡಿಕೆ ಬಿಟ್ಟಿದೆಯೇ ಎಂದು ನೋಡುತ್ತಾರೆ. ಕೊನೆಗೆ ತಳದ ಟೋಪಿ. ಟೋಪಿಯ ಸುತ್ತ ಹಸಿರು ಕಂಡರೆ ಮುಂದಿನ ಮಾತಿಲ್ಲ. ಎಲ್ಲ ಸರಿಯಿದ್ದರೂ, ಅದು ಯಾವ ಕೋವಿಗೆ, ಆ ಕೋವಿಯ ನಳಿಗೆಗೆ ಉದ್ದ ಹೊಂದುತ್ತದೆಯೇ ಎಂದು ಕೇಳದೆ ಬಲಗಡೆಗೆ ಇಡುವುದಿಲ್ಲ. ದಿನಕ್ಕೆ ಮೂವರೋ ನಾಲ್ವರೋ ಬರುತ್ತಾರೆ. ಮಳೆಗಾಲದಲ್ಲಿ ಕೆಲವು ದಿನ ಯಾರೂ ಇಲ್ಲ. ಯಾರ ಡಬ್ಬವೇ ಆಗಲಿ, ಸಾಮಾನ್ಯವಾಗಿ ಬಲಗಡೆ ಉಳಿಯುವುದು ಕಾಲು ಭಾಗ.

ಹೆಂಡತಿ ರಹೀಮುನ್ನೀಸಾ ಒಳಗಿನಿಂದ ಟೀ ತಂದಿಡುತ್ತಾರೆ. ಅಂಗಡಿಯ ಹಿಂಭಾಗವೇ ಮನೆ. “ಬರೋವಾಗ ಸಾಬ್ರೇ ಸಾಬ್ರೇ ಅಂತ ಬರ್ತಾರೆ, ಹೋಗೋವಾಗ ಮುಖ ಊದಿಸ್ಕೊಂಡು ಹೋಗ್ತಾರೆ,” ಎಂದು ಗಂಡನನ್ನು ನೋಡದೆ ನನಗೆ ಹೇಳುತ್ತಾರೆ. “ನಿಮ್ಮ ಯಜಮಾನ್ರಿಗೆ ಏನು ಕೆಲ್ಸ ಅಂತ ಮೊನ್ನೆ ಆಸ್ಪತ್ರೆಲಿ ಒಬ್ರು ಕೇಳಿದ್ರು. ಊರೋರ ಹತ್ರ ನಿಷ್ಠುರ ಕಟ್ಕೊಳೋ ಕೆಲ್ಸ ಅಂದೆ.”

“ಟೀಗೆ ಸಕ್ಕರೆ ಹಾಕಿಲ್ಲ,” ಎನ್ನುತ್ತಾರೆ ಬಾಬು ಜಾನ್.

“ಬೈಸ್ಕೊಂಡು ಬೈಸ್ಕೊಂಡು ನಾಲಗೆ ಸತ್ತೋಗಿದೆ ನಿಮಗೆ. ಹಾಕಿದ್ದೀನಿ.”

ಈ ಮಾತು ನಡೆಯುತ್ತಿರುವಾಗಲೇ ಆ ದಿನ ಕೆಂಪಯ್ಯ ಬರುತ್ತಾರೆ. ಬೆಸಗರಹಳ್ಳಿ ಕಡೆಯ ರೈತರು. ಊರಿನ ಹೆಸರು ಬೇಡ ಎಂದು ಅವರ ಹೆಂಡತಿ ಕೇಳಿಕೊಂಡಿದ್ದಾರೆ. ಕೈಯಲ್ಲೊಂದು ಸ್ಟೀಲ್ ಟಿಫನ್ ಡಬ್ಬಿ. ಹಳೆಯ ಪರಿಚಯ, ಮೆಟ್ಟಿಲ ಮೇಲೆಯೇ ಕೂರುತ್ತಾರೆ.

“ಏನ್ ಸಾಬ್ರೇ, ಇವತ್ತಾರ ಬಾಯಲ್ಲಿ ಒಂದು ಒಳ್ಳೆ ಮಾತು ಬತ್ತದಾ?”

“ಡಬ್ಬಿ ಒಳಗೆ ಒಳ್ಳೇದು ಇದ್ರೆ ಬಾಯಲ್ಲೂ ಬರ್ತದೆ. ಬಿಚ್ಚು ಕೆಂಪಣ್ಣ.”

ಡಬ್ಬಿಯಲ್ಲಿರುವ ತೋಟಾಗಳು ರಟ್ಟಿನವು, ಹಳೆಯವು. ಅವನ್ನು ತಿರುಗಿಸಿ ನಿಲ್ಲಿಸಿದಾಗ ಪ್ರತಿಯೊಂದರ ತಳದಲ್ಲೂ, ಸರಿಯಾಗಿ ಆ ಟೋಪಿಯ ಮೇಲೆ, ಕುಂಕುಮದ ಬೊಟ್ಟು. ಹೊಸ ಬೊಟ್ಟಿನ ಕೆಳಗೆ ಕಪ್ಪಾದ ಹಳೇ ಬೊಟ್ಟು, ಅದರ ಕೆಳಗೆ ಇನ್ನೊಂದು. ಆಯುಧಪೂಜೆಯ ದಿನ ಕೋವಿಯನ್ನು ಒರೆಸಿ, ಮಣೆಯ ಮೇಲಿಟ್ಟು, ಪಕ್ಕದಲ್ಲಿ ತೋಟಾಗಳನ್ನು ಸಾಲಾಗಿ ತಲೆಕೆಳಗೆ ನಿಲ್ಲಿಸಿ ಪೂಜೆ ಮಾಡುವುದು ಈ ಕಡೆ ಎಷ್ಟೋ ಮನೆಗಳಲ್ಲಿ ಇದೆ. ಹಿತ್ತಾಳೆಯ ದುಂಡು ತಳದ ನಡುವೆ ಆ ಪುಟ್ಟ ವೃತ್ತ ಬೊಟ್ಟಿಡಲೆಂದೇ ಮಾಡಿದ ಜಾಗದಂತೆ ಕಾಣುತ್ತದೆ. ಕುಂಕುಮ ಉದುರದಿರಲಿ ಎಂದು ನೀರಲ್ಲಿ ಕಲಸಿ ಇಡುತ್ತಾರೆ.

ಬಾಬು ಜಾನ್ ಒಣಬಟ್ಟೆಯಿಂದ ಒಂದನ್ನು ಮೆತ್ತಗೆ ಒರೆಸುತ್ತಾರೆ. ಕೆಂಪು ಹೋದ ಕಡೆ ಹಸಿರು ಕಾಣುತ್ತದೆ. ಅದನ್ನು ಎಡಗಡೆ ಇಡುತ್ತಾರೆ. ಇನ್ನೊಂದು. ಅದೂ ಎಡಗಡೆ.

“ಆಗ್ಲೇ ಸುರು ಮಾಡ್ಕಂಡ್ರಲ್ಲಪ್ಪ,” ಎಂದು ಕೆಂಪಯ್ಯ ನಗುತ್ತಾರೆ. “ಆ ಕಾಡಂದಿಗೂ ನಿಮಗೂ ಏನಾರ ಒಪ್ಪಂದ ಆಗ್ಯದಾ? ಎಲ್ಲಾನೂ ಎಡಗಡೀಕೆ ಮಡಗಿದ್ರೆ ನಾನೇನು ಚಪ್ಪಾಳೆ ತಟ್ಟಿ ಓಡಿಸ್ಲಾ? ರಾತ್ರಿನೂ ಇಂಗೇ ಆಯ್ತು. ಈ ಡಬ್ಬೀದೇ ಒಂದು ಹಾಕಿ ಹೊಡ್ದೆ. ಢಂ ಅನ್ನಕ್ಕಿಲ್ಲ, ಫುಸ್ ಅಂತು. ಕಾಡಂದಿ ಒಂದ್ಸಲ ತಿರುಗಿ ನೋಡ್ಬುಟ್ಟು ಮತ್ತೆ ಮೇಯಕ್ಕೆ ನಿಂತ್ಕತು. ಮಾನ ಓಯ್ತು ನಂದು.”

ಬಾಬು ಜಾನ್ ಕೈಯಲ್ಲಿದ್ದ ತೋಟಾ ಅಲ್ಲೇ ನಿಲ್ಲುತ್ತದೆ.

“ಫುಸ್ ಅಂದ್ಮೇಲೆ ಏನ್ಮಾಡಿದೆ?”

“ಏನ್ಮಾಡದು? ಕೋವಿ ಮುರ್ದು, ಖಾಲಿ ತೋಟಾ ತೆಗ್ದು ಎಸ್ದೆ. ಮನೀಗೋಗಿ ಮಲಗ್ದೆ.”

“ನಳಿಗೆ ಒಳಗೆ ನೋಡಿದ್ಯಾ?”

“ಕತ್ಲಲ್ಲಿ ಏನು ಕಂಡದು ಸಾಬ್ರೇ?”

“ಬೆಳಗ್ಗೆ?”

“ಬೆಳಿಗ್ಗೆ ಬಸ್ಸಿಗೆ ಬಂದೆ.”

“ಕೋವಿ ಎಲ್ಲಿದೆ ಈಗ?”

“ಅವ್ಳ ತಾವದೆ. ಇವತ್ತು ಕಬ್ಬು ಕಡೀತಾವ್ರಲ್ಲ. ಎರಡು ಹೊಸಾ ತೋಟಾ ಇದ್ವು, ಅವ್ಳಿಗೆ ಕೊಟ್ಟು ಬಂದಿವ್ನಿ.”

ಅವಳು ಅಂದರೆ ಹೆಂಡತಿ ಚಲುವಮ್ಮ. ಕೋವಿ ಆಕೆಯ ತಂದೆಯದು, ಜೋಡು ನಳಿಗೆಯದು; ತೋಟಾ ಹಾಕಲೂ ತೆಗೆಯಲೂ ಅದನ್ನು ನಡುವೆ ಮಡಚಿ ತೆರೆಯಬೇಕು, ಅದನ್ನೇ ಮುರಿಯುವುದು ಅನ್ನುತ್ತಾರೆ. ಪರವಾನಗಿಯೂ ಈಗ ಆಕೆಯ ಹೆಸರಿನಲ್ಲಿದೆ, ಬಳಸುವವರಾಗಿ ಗಂಡನ ಹೆಸರು ಸೇರಿದೆ. ಕಬ್ಬನ್ನು ಸುತ್ತಲಿಂದ ಕಡಿಯುತ್ತ ಬಂದಂತೆ ಒಳಗಿನ ಹಂದಿಗಳು ನಡುವಿಗೆ ಸರಿಯುತ್ತವೆ. ಕೊನೆಯ ತುಂಡು ಉಳಿದಾಗ ಒಮ್ಮೆಗೇ ಹೊರಗೆ ನುಗ್ಗುತ್ತವೆ, ಕಡಿಯುವವರ ಕಾಲಿಗೇ ಬರುತ್ತವೆ. ಹಾಗಾಗಿ ಕೊನೆಯ ತುಂಡಿಗೆ ಕುಡುಗೋಲು ಹಾಕುವ ಮೊದಲು ಗಾಳಿಯಲ್ಲಿ ಒಂದು ಗುಂಡು ಹಾರಿಸುತ್ತಾರೆ. ಆ ದಿನ ಹಾರಿಸಬೇಕಾದವರು ಚಲುವಮ್ಮ.

ಫುಸ್ ಎಂದರೆ ಮದ್ದು ಪೂರ್ತಿ ಉರಿದಿಲ್ಲ ಎಂದು ಅರ್ಥ. ಬಿಲ್ಲೆ ಹೊರಗೆ ಬಂದಿರಬಹುದು. ಬಾರದೆಯೂ ಇರಬಹುದು. ಬಾರದಿದ್ದರೆ ಅದು ನಳಿಗೆಯ ನಡುವೆ ಬೆಣೆಯಂತೆ ಕೂತಿರುತ್ತದೆ. ಹಿಂದಿನಿಂದ ಒಂದು ಹೊಸ ತೋಟಾ ಹಾರಿಸಿದರೆ ನಳಿಗೆಯೇ ಸೀಳುತ್ತದೆ. ನಳಿಗೆಯ ಕೆಳಗೆ ಇರುವುದು ಹಾರಿಸುವವರ ಎಡಗೈ, ಮೇಲಿರುವುದು ಮುಖ.

“ಲೇ ಕೆಂಪ, ಫೋನ್ ಮಾಡ್ಲಾ ಮೊದ್ಲು!”

ಅಷ್ಟು ವರ್ಷದಲ್ಲಿ ಬಾಬು ಜಾನ್ ಕೆಂಪಯ್ಯನವರನ್ನು ‘ಲೇ’ ಅಂದದ್ದು ಅದೇ ಮೊದಲಂತೆ. ಕೆಂಪಯ್ಯನವರೇ ಆಮೇಲೆ ಹೇಳಿದರು. ಆಗ ಅವರಿಗೆ ಅದು ಕೇಳಿಸಿದಂತೆಯೂ ಇಲ್ಲ. ಫೋನು ತೆಗೆದು ಒತ್ತುತ್ತಾರೆ. ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ಮತ್ತೆ ಒತ್ತುತ್ತಾರೆ.

“ಫೋನ್ ಮನೇಲಿ ಬುಟ್ಟು ಒಲಕ್ಕೆ ಓಗವ್ಳೆ.”

“ಹೊಲದಲ್ಲಿ ಇನ್ಯಾರಿದ್ದಾರೆ?”

“ಮಹದೇವಯ್ಯ ಅವ್ನೆ, ಕಬ್ಬು ಕಡಿಯೋರ ಮೇಸ್ತ್ರಿ.” ಕೆಂಪಯ್ಯ ಹೆಸರು ಹುಡುಕುತ್ತಾರೆ. ಕನ್ನಡಕ ತಂದಿಲ್ಲ, ಪರದೆ ಎಲ್ಲೆಲ್ಲೋ ಜಾರುತ್ತದೆ. ಬಾಬು ಜಾನ್ ಕಸಿದುಕೊಂಡರೆ ಅವರ ಕಣ್ಣಿಗೂ ಆ ಅಕ್ಷರ ಹತ್ತುವುದಿಲ್ಲ. ಟೀ ಲೋಟ ಎತ್ತಲು ಬಂದಿದ್ದ ರಹೀಮುನ್ನೀಸಾ ಇಬ್ಬರ ನಡುವಿನಿಂದ ಫೋನನ್ನು ತೆಗೆದುಕೊಂಡು, ಹೆಸರು ಹುಡುಕಿ, ಒತ್ತಿ, ಸ್ಪೀಕರಿಗೆ ಹಾಕುತ್ತಾರೆ.

“ಏನ್ ಕೆಂಪಣ್ಣ,” ಎನ್ನುತ್ತದೆ ಅತ್ತಲಿನ ದನಿ. ಹಿಂದೆ ಕಬ್ಬು ಕಡಿಯುವ ಸದ್ದು, ಯಾರೋ ಯಾರನ್ನೋ ಕೂಗುವ ಸದ್ದು. “ಆಗೋಯ್ತು, ಕೊನೇ ತುಂಡು ಅದೆ. ಅಕ್ಕ ಬದಿನ್ ಮ್ಯಾಲೆ ಕೋವಿ ಹಿಡ್ಕಂಡು ನಿಂತವ್ಳೆ. ಇನ್ನೇನು…”

“ಹೊಡೀಬ್ಯಾಡ ಅನ್ನು! ಹೊಡೀಬ್ಯಾಡ ಅನ್ಲಾ ಅವ್ಳಿಗೆ!”

“ಅಂದಿಗೆ ಹೊಡೆಯಲ್ಲ ಕಣಣ್ಣ, ಗಾಳಿಗೆ.”

“ಗಾಳಿಗೂ ಬ್ಯಾಡ! ಓಡ್ಲಾ!”

ಓಡುವ ಸದ್ದು. ಸೋಗೆ ತುಳಿಯುವ ಸದ್ದು. “ಅಕ್ಕೋ, ತಡಿಯಕ್ಕೋ” ಎಂಬ ಕೂಗು. ಆಮೇಲೆ ಒಬ್ಬ ಹೆಂಗಸಿನ ದನಿ, ಬಿರುಸಾಗಿ: “ಏನಂತೆ? ಹಿಟ್ಟುಣ್ಣದೆ ಓಗ್ಬುಟ್ಟು ಈಗ ಒಲಕ್ಕೆ ಫೋನ್ ಮಾಡ್ತಾವ್ರಾ?”

ಬಾಬು ಜಾನ್ ಫೋನಿಗೆ ಬಗ್ಗುತ್ತಾರೆ. ದನಿ ಎತ್ತರಿಸುವುದಿಲ್ಲ.

“ಚಲುವಮ್ಮ, ನಾನು ಮದ್ದೂರಿನ ಬಾಬು. ಹೇಳ್ದಂಗೆ ಮಾಡು ತಾಯಿ, ಆಮೇಲೆ ಬೈವಂತೆ. ಬೆರಳು ಈಚೆ ತೆಗಿ. ಕೋವಿ ಬಾಯಿ ಜನ ಇಲ್ದಿರೋ ಕಡೆ ನೆಲಕ್ಕೆ ಮಾಡು. ಮಾಡಿದ್ಯಾ?”

“ಊಂ.”

“ಈಗ ಮುರಿ. ಎರಡೂ ತೋಟಾ ತೆಗ್ದು ಮಹದೇವಯ್ಯನ ಕೈಗೆ ಕೊಡು.”

“ಕೊಟ್ಟೆ.”

“ತೋಟಾ ಹಾಕೋ ಕಡೆಯಿಂದ, ಆಕಾಶಕ್ಕೆ ಹಿಡ್ದು ಒಳಗೆ ನೋಡು. ಏನು ಕಾಣ್ತದೆ?”

ಕೋವಿ ಎತ್ತುವಾಗಿನ ಬಳೆಯ ಸದ್ದು, ಗಾಳಿಯ ಸದ್ದು.

“ಬಲಗಡೇದ್ರಲ್ಲಿ ಬೆಳ್ಳಗೆ ಕಾಣ್ತದೆ.”

“ಎಡಗಡೆ?”

“ಎಡಗಡೇದ್ರಲ್ಲಿ…” ದನಿಯ ಬಿರುಸು ಹೋಗಿದೆ. “ಏನೂ ಇಲ್ಲ ಕಣಣ್ಣ. ಕಪ್ಪಗದೆ.”

ಕೆಂಪಯ್ಯ ಮೆಟ್ಟಿಲ ಮೇಲೆ ಕೂತವರು ಎರಡೂ ಕೈಯಿಂದ ತಲೆ ಹಿಡಿದುಕೊಳ್ಳುತ್ತಾರೆ. ಬಾಬು ಜಾನ್ ಮಾತ್ರ ಇನ್ನೂ ಮಾತಾಡುತ್ತಿದ್ದಾರೆ. ಬಲಗಡೆಯದಕ್ಕೂ ತೋಟಾ ಹಾಕಬೇಡ, ಮುರಿದ ಹಾಗೇ ಮನೆಗೆ ತಗೊಂಡು ಹೋಗು, ಕೋಲು ಗೀಲು ಹಾಕಿ ತಿವಿಯಬೇಡ, ಚೀಲಕ್ಕೆ ಹಾಕಿಕೊಂಡು ಬಾ ಎಂದು ಒಂದೊಂದಾಗಿ ಹೇಳಿ, ಒಂದೊಂದಕ್ಕೂ ‘ಊಂ’ ಅನ್ನಿಸಿಕೊಂಡು, ಫೋನು ಇಡುತ್ತಾರೆ. ಮೇಜಿನ ಅಂಚು ಹಿಡಿದು ಏಳಲು ನೋಡಿ, ಆಗದೆ ಮತ್ತೆ ಕೂರುತ್ತಾರೆ.

ಕೊನೆಯ ತುಂಡನ್ನು ತಗಡು ಬಡಿದು, ಕೂಗಿ ಖಾಲಿ ಮಾಡಿಸಿದರಂತೆ. ಹಂದಿಗಳು ಪಕ್ಕದವರ ಗದ್ದೆಗೆ ಹೋದವಂತೆ. ಅದರ ಜಗಳ ಬೇರೆ.

ಆ ಬೆಳಗ್ಗೆ ಬೇರೆ ಯಾರ ತೋಟಾವನ್ನೂ ಬಾಬು ಜಾನ್ ನೋಡಲಿಲ್ಲ. ಬಸರಾಳಿನಿಂದ ಬಂದಿದ್ದ ಒಬ್ಬರು ಗೊಣಗುತ್ತ ಹಿಂತಿರುಗಿದರು. “ಕೈ ಸರಿ ಇಲ್ದಾಗ ನೋಡ್ಬಾರ್ದು,” ಎಂದಷ್ಟೇ ಹೇಳಿ ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಕೆಂಪಯ್ಯ ಊರಿಗೆ ಹೋಗಲೂ ಇಲ್ಲ, ಒಳಗೆ ಬರಲೂ ಇಲ್ಲ. ರಹೀಮುನ್ನೀಸಾ ಕೊಟ್ಟ ಉಪ್ಪಿಟ್ಟನ್ನು ಮೆಟ್ಟಿಲ ಮೇಲೆಯೇ ಕೂತು ಅರ್ಧ ತಿಂದರು.

ಚಲುವಮ್ಮ ಬರುವ ಹೊತ್ತಿಗೆ ಬಿಸಿಲು ಏರಿದೆ. ಎತ್ತರದ ಹೆಂಗಸು. ಬಟ್ಟೆಯ ಚೀಲದಲ್ಲಿ ಕೋವಿ, ಬ್ಯಾಗಿನಲ್ಲಿ ಪರವಾನಗಿ ಪುಸ್ತಕ. ಗಂಡನ ಕಡೆ ನೋಡದೆ ಒಳಗೆ ಬಂದು ಮೇಜಿನ ಮೇಲಿಡುತ್ತಾರೆ. ಬಾಬು ಜಾನ್ ನಳಿಗೆಗಳನ್ನು ಬಿಡಿಸಿ, ಎಡಗಡೆಯದರೊಳಗೆ ಒಂದು ಮರದ ಕೋಲನ್ನು ಇಳಿಸುತ್ತಾರೆ. ಅರ್ಧಕ್ಕೆ ನಿಲ್ಲುತ್ತದೆ. ಸ್ವಲ್ಪ ಎಣ್ಣೆ ಬಿಡುತ್ತಾರೆ, ಕಾಯುತ್ತಾರೆ, ಮತ್ತೆ ಒತ್ತುತ್ತಾರೆ. ಮೊದಲು ಒಂದಷ್ಟು ಸೀಸದ ರವೆ ಗಾಜಿನ ಮೇಲೆ ಉದುರುತ್ತದೆ. ಆಮೇಲೆ ಕಪ್ಪಾದ ಒಂದು ಉಣ್ಣೆ ಬಿಲ್ಲೆ, ನಾಣ್ಯಕ್ಕಿಂತ ಚಿಕ್ಕದು, ಮೆತ್ತಗೆ ಬೀಳುತ್ತದೆ.

“ಇಷ್ಟೇನಾ?” ಎನ್ನುತ್ತಾರೆ ಚಲುವಮ್ಮ.

“ಇಷ್ಟೇ.”

ಕೆಂಪಯ್ಯ ಎದ್ದು ಬಂದು ನೋಡುತ್ತಾರೆ. ಹೆದರಿಕೆ ಕಳೆದ ಮೇಲೆ ಬರುವ ಸಿಟ್ಟು ಅವರ ಮುಖದಲ್ಲಿದೆ. ಡಬ್ಬಿಯ ತೋಟಾಗಳನ್ನು ತೋರಿಸಿ, “ನೋಡು, ನೋಡು. ನಿನ್ ಕುಂಕುಮ ಕಣೆ ಇದು ಮಾಡಿರದು. ವರ್ಸ ವರ್ಸ ಮೆತ್ತಿ ಮೆತ್ತಿ ಮಡಗಿದ್ಯಲ್ಲ!” ಎನ್ನುತ್ತಾರೆ.

ಚಲುವಮ್ಮ ತೋಟಾಗಳನ್ನು ನೋಡುತ್ತಾರೆ, ಬಾಬು ಜಾನ್ ಅವರನ್ನು ನೋಡುತ್ತಾರೆ. “ನಮ್ಮಪ್ಪ ಇಡ್ತಿದ್ರು ಕಣಣ್ಣ. ಅವ್ರು ತೀರ್ಕಂಡ್ಮೇಲೆ ನಾನು ತಪ್ಪಿಸ್ಬಾರ್ದು ಅಂತ ಇಟ್ಟೆ. ಅದು ತಪ್ಪಾ?”

ಇದಕ್ಕೆ ಉತ್ತರ ಹೇಳಲು ಬಾಬು ಜಾನ್ ತಡ ಮಾಡುತ್ತಾರೆ. ಈ ಮಾತನ್ನು ಹೇಳುವುದು ತನಗೆ ಎಂದೂ ಸುಲಭವಾಗಿಲ್ಲ ಎಂದು ಅವರು ನನಗೆ ಮುಂಚೆಯೇ ಹೇಳಿದ್ದರು. ಪೂಜೆ ಬೇರೆಯವರದು, ತಾನು ಯಾರು ಹೇಳಲು ಎಂಬ ಅಳುಕು. ಎಷ್ಟೋ ಸಲ ಹಸಿರು ಕಂಡಿದೆ ಎಂದಷ್ಟೇ ಹೇಳಿ, ಯಾಕೆ ಬಂತು ಎಂದು ಹೇಳದೆ ಕಳಿಸಿದ್ದಾರಂತೆ.

“ಕುಂಕುಮದ್ದು ಏನೂ ತಪ್ಪಿಲ್ಲ ಕಣವ್ವ,” ಎನ್ನುತ್ತಾರೆ ಕೊನೆಗೆ. “ತಪ್ಪು ನೀರಿಂದು. ನಿಮ್ಮಪ್ಪ ಇಡ್ತಿದ್ದಾಗ ಆ ವರ್ಷದ ತೋಟಾ ಆ ವರ್ಷಾನೇ ಮುಗ್ದೋಗ್ತಿತ್ತು. ಒಂದು ಬೊಟ್ಟು ನೀರಿಗೆ ಏನಾದೀತು? ನೀನು ಅವ್ರ ತೋಟಾ ಅಂತ ಖರ್ಚು ಮಾಡ್ದೆ ಉಳಿಸ್ಕೊಂಡೆ. ಬೊಟ್ಟಿನ ಮೇಲೆ ಬೊಟ್ಟು ಬಂತು, ನೀರು ಟೋಪಿ ಸಂದಿಲಿ ಇಳೀತು. ಇನ್ಮೇಲೆ ಕೋವಿ ಮರದ ಹಿಡಿಗೆ ಇಡು. ಎಷ್ಟು ದೊಡ್ಡದಾಗಿ ಬೇಕಾದ್ರೂ ಇಡು. ತೋಟಾಕ್ಕೆ ದೂರದಿಂದ ಒಂದು ಹೂ ಸಾಕು.”

ಆಮೇಲೆ ಕೆಂಪಯ್ಯನವರ ಕಡೆ ತಿರುಗಿ, ದನಿ ಬದಲಿಸದೆ: “ಕುಂಕುಮ ಅವಳು ಇಟ್ಟಿದ್ದು, ಸರಿ. ಫುಸ್ ಅಂದ್ಮೇಲೆ ಒಳಗೆ ನೋಡ್ದೆ, ಅದೇ ಕೋವಿ ಅವಳ ಕೈಗೆ ಕೊಟ್ಟು ಬಸ್ ಹತ್ತಿದ್ದು ಯಾರು ಕೆಂಪಣ್ಣ?”

ಕೆಂಪಯ್ಯ ಡಬ್ಬಿಯನ್ನು ತಾವೇ ಬಟ್ಟೆಯಲ್ಲಿ ಕಟ್ಟಿ, “ಟೇಸನ್‌ಗೆ ಕೊಟ್ಟು ಬತ್ತೀನಿ,” ಎಂದು ಮೆಟ್ಟಿಲಿಳಿಯುತ್ತಾರೆ.

ಬಾಬು ಜಾನ್ ನಳಿಗೆಯನ್ನು ಒರೆಸಿ, ಸೀಳೋ ಉಬ್ಬೋ ಇದೆಯೇ ಎಂದು ಬೆರಳಾಡಿಸಿ, ಚಲುವಮ್ಮನವರ ಕೈಗೇ ಕೊಡುತ್ತಾರೆ. ಅವರು ಬಾಗಿಲ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಮೊದಲು ಬಲಗಡೆ ಆಮೇಲೆ ಎಡಗಡೆ, ಬಹಳ ಹೊತ್ತು ನೋಡುತ್ತಾರೆ. “ಎರಡೂ ಬೆಳ್ಳಗದೆ,” ಎನ್ನುತ್ತಾರೆ. ಇನ್ನು ಮುಂದೆ ತಾನು ಹೀಗೆ ನೋಡದೆ ಕೋವಿಯನ್ನು ಗಂಡನ ಕೈಗೆ ಕೊಡುವುದಿಲ್ಲ ಎಂದೂ ಹೇಳುತ್ತಾರೆ. ಹೊರಡುವಾಗ ಗಾಜಿನ ಮೇಲಿದ್ದ ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು, “ಅಣ್ಣ, ಇದು ನಂಗಿರ್ಲಿ. ಇವ್ರು ಜೋರು ಮಾಡ್ದಾಗೆಲ್ಲ ಬಾಯಿಗೆ ಅಡ್ಡ ಹಿಡೀತೀನಿ,” ಎನ್ನುತ್ತಾರೆ. ರಹೀಮುನ್ನೀಸಾ ಜೋರಾಗಿ ನಗುತ್ತಾರೆ. ಚಲುವಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ ನಿಲ್ದಾಣದ ಕಡೆ ಹೋಗುತ್ತಾರೆ.

ಇಂಥ ದಿನ ಎಷ್ಟು ಬಂದಿವೆ ಎಂದು ನಾನು ಕೇಳುತ್ತೇನೆ. ಬಾಬು ಜಾನ್ ಗಾಜಿನ ಮೇಲಿನ ರವೆಯನ್ನು ಒಂದು ಕಾಗದಕ್ಕೆ ಗುಡಿಸಿಕೊಳ್ಳುತ್ತಿದ್ದಾರೆ. ತಲೆ ಎತ್ತುವುದಿಲ್ಲ.

“ಗೊತ್ತಿಲ್ಲ ಸಾರ್. ನಾನು ಬ್ಯಾಡ ಅಂದಿದ್ದು ಹಾರ್ಸಿದ್ರೆ ಏನಾಗ್ತಿತ್ತೋ ಯಾರಿಗೆ ಗೊತ್ತು. ಆಗ್ದೇ ಇದ್ದದ್ದು ಕಣ್ಣಿಗೆ ಕಾಣಲ್ವಲ್ಲ. ಇವತ್ತು ಆ ಅವ್ವ ಅದನ್ನೇ ಸೆರಗಿಗೆ ಕಟ್ಕೊಂಡು ಹೋದ್ಲು ನೋಡಿ.”